ಎಂಜಿ ವಿಂಡ್ಸರ್: ಬ್ಯಾಟರಿ ಬಾಡಿಗೆಗಾ, ಸ್ವಂತಕ್ಕಾ? 24 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ನನ್ನ ಲೆಕ್ಕ

ಎಂಜಿಯವರ ವಿಂಡ್ಸರ್ ಎಲೆಕ್ಟ್ರಿಕ್ ಕಾರು, ಅಂದ್ರೆ ಇವಿ, ತಗೊಂಡು ಒಂದು ವರ್ಷ ಓಡಿಸಿದ ಮೇಲಿನ ಲೆಕ್ಕ ಇದು. 2024ರ ನವೆಂಬರಲ್ಲಿ ತಗೊಂಡಿದ್ದು, ಎಕ್ಸೈಟ್ ಮಾಡೆಲ್ಲು, 38 ಯೂನಿಟ್ ಕರೆಂಟು ಹಿಡಿಯೋ ಬ್ಯಾಟರಿದು. ನಾವಿರೋದು ತುಮಕೂರಲ್ಲಿ, ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗಿ ಬರ್ಬೇಕು, ಊರೊಳಗಿನ ಓಡಾಟನೂ ಸೇರಿದ್ರೆ ತಿಂಗಳಿಗೆ ಹತ್ರತ್ರ ಎರಡು ಸಾವಿರ ಕಿಲೋಮೀಟರ್ ಆಗುತ್ತೆ. ಕಾರಿನ ಬಗ್ಗೆ ಬೇಗ ಹೇಳ್ಬಿಡ್ತೀನಿ. ಹಿಂದಿನ ಸೀಟು 135 ಡಿಗ್ರಿ ತನಕ ಒರಗುತ್ತೆ, ಮಂಡಿ ನೋವಿರೋ ನಮ್ಮಮ್ಮ ಕಾಲು ಚಾಚ್ಕೊಂಡು ಕೂತ್ರೆ ನೆಲಮಂಗಲ ಬರೋಷ್ಟರಲ್ಲಿ ನಿದ್ದೆ ಹೋಗಿರ್ತಾರೆ. ಡಿಕ್ಕಿ ದೊಡ್ಡದು. ಫುಲ್ ಚಾರ್ಜಿಗೆ ಟೆಸ್ಟಿನ ರೇಂಜು 332 ಕಿಲೋಮೀಟರ್, ಹೈವೇಲಿ 90ರಲ್ಲಿ ಎಸಿ ಹಾಕ್ಕೊಂಡು ಹೋದ್ರೆ ನನಗೆ ಸಿಗೋದು 240ರ ಆಸುಪಾಸು, ನಮ್ಮ ದಾರಿಗೆ ಅದು ಸಾಕೇ ಸಾಕು.

ಆದ್ರೆ ಎಲ್ರೂ ಕೇಳೋದು ಸೀಟಿನ ವಿಷಯ ಅಲ್ಲ. "ಬ್ಯಾಟರಿ ಬಾಡಿಗೆಗೆ ತಗೊಂಡ್ಯಾ, ಪೂರ್ತಿ ದುಡ್ಡು ಕೊಟ್ಯಾ?" ಅಂತಾನೇ ಮೊದಲು ಕೇಳ್ತಾರೆ. ಬಿಡುಗಡೆ ಆದಾಗ ಎಕ್ಸ್‌ಶೋರೂಮ್ ಬೆಲೆ ಎರಡಿತ್ತು. ಬ್ಯಾಟರಿ ಸೇರಿ ಸುಮಾರು ಹದಿಮೂರೂವರೆ ಲಕ್ಷ, ಬ್ಯಾಟರಿ ಬಾಡಿಗೆ ಸ್ಕೀಮಲ್ಲಾದ್ರೆ 9.99 ಲಕ್ಷ ಮತ್ತೆ ಓಡಿಸಿದ ಒಂದೊಂದು ಕಿಲೋಮೀಟರಿಗೂ ಮೂರೂವರೆ ರೂಪಾಯಿ. ಹತ್ತು ಲಕ್ಷದೊಳಗೆ ಇಷ್ಟು ದೊಡ್ಡ ಕಾರು ಅಂದಾಗ ನನಗೂ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಮನೆಗೆ ಬಂದು ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಿದೆ. ಎರಡು ಬೆಲೆಗೂ ವ್ಯತ್ಯಾಸ ಮೂರೂವರೆ ಲಕ್ಷ, ಬಾಡಿಗೆ ಮೂರೂವರೆ ರೂಪಾಯಿ, ಅಲ್ಲಿಗೆ ಒಂದು ಲಕ್ಷ ಕಿಲೋಮೀಟರ್ ಓಡಿಸೋಷ್ಟೊತ್ತಿಗೆ ಬ್ಯಾಟರಿ ದುಡ್ಡು ಪೂರ್ತಿ ಕಟ್ಟಿರ್ತೀವಿ, ಬ್ಯಾಟರಿ ನಮ್ಮದಾಗುತ್ತೋ ಇಲ್ವೋ ಅನ್ನೋದು ಮಾತ್ರ ಕರಾರಿನ ಮೇಲೆ. ನನ್ನ ಓಡಾಟಕ್ಕೆ ಆ ಲಕ್ಷ ಕಿಲೋಮೀಟರ್ ನಾಲ್ಕು ವರ್ಷ ಸ್ವಲ್ಪ ದಾಟೋದ್ರೊಳಗೆ ಮುಗಿಯುತ್ತೆ.

ಸಾಲದ ಬಡ್ಡಿ ಉಳಿಯುತ್ತಲ್ಲ ಅಂತಾರೆ, ನಿಜ, ಅದನ್ನೂ ಹಾಕಿ ನೋಡೋಣ. ಆ ಮೂರೂವರೆ ಲಕ್ಷನ 9 ಪರ್ಸೆಂಟಲ್ಲಿ ಏಳು ವರ್ಷಕ್ಕೆ ಸಾಲ ತಗೊಂಡ್ರೆ ಇಎಂಐ 5,631 ರೂಪಾಯಿ. ಬಾಡಿಗೆ ಸ್ಕೀಮಲ್ಲಿ ಆವಾಗ ಸಾಮಾನ್ಯವಾಗಿ ತಿಂಗಳಿಗೆ ಕಮ್ಮಿ ಅಂದ್ರೂ 1,500 ಕಿಲೋಮೀಟರಿನ ಲೆಕ್ಕ ಕಟ್ಟಬೇಕಿತ್ತು, ಅಂದ್ರೆ 5,250. ತಿಂಗಳಿಗೆ ನಾನೂರು ರೂಪಾಯಿನೂ ವ್ಯತ್ಯಾಸ ಇಲ್ಲ, ಏಳು ವರ್ಷ ಆದ್ಮೇಲೆ ಸಾಲ ತಗೊಂಡವನ ಹತ್ರ ಬ್ಯಾಟರಿ ಉಳಿಯುತ್ತೆ. ನನ್ನ ತರ ಎರಡು ಸಾವಿರ ಓಡಿಸಿದ್ರಂತೂ ಬಾಡಿಗೆನೇ ಏಳು ಸಾವಿರ. ನಾನು ಪೂರ್ತಿ ಬೆಲೆ ಕೊಟ್ಟು ತಗೊಂಡೆ. ಮೊದಲನೇ ಓನರಿಗೆ ಬ್ಯಾಟರಿ ಮೇಲೆ ಲೈಫ್‌ಟೈಮ್ ವಾರಂಟಿ ಇದೆ, ಬ್ಯಾಟರಿ ಹೋದ್ರೆ ಏನ್ ಗತಿ ಅನ್ನೋ ಭಯ ಅಲ್ಲಿಗೆ ಮುಗೀತು.

ಈ ಮಿನಿಮಮ್ 1,500 ಇದೆಯಲ್ಲ, ಇದನ್ನ ದಯವಿಟ್ಟು ಯಾರೂ ಹಗುರವಾಗಿ ತಗೋಬೇಡಿ. ನಮ್ಮ ಭಾವ ಮಲ್ಲೇಶ್ವರದಲ್ಲಿ ಅಪಾರ್ಟ್‌ಮೆಂಟಲ್ಲಿದಾರೆ, ತಿಂಗಳಿಗೆ ಆರುನೂರು ಕಿಲೋಮೀಟರ್ ಓಡಿಸಿದ್ರೆ ಹೆಚ್ಚು. ಹತ್ತು ಲಕ್ಷಕ್ಕೆ ಬರುತ್ತೆ ಅಂತ ಬುಕ್ ಮಾಡೋಕೆ ಹೊರಟಿದ್ರು. ನಾನು ಹೇಳ್ದೆ, "ಭಾವ, ನೀವು ಆರುನೂರು ಓಡಿಸಿ 5,250 ಕಟ್ತೀರಿ, ಕಿಲೋಮೀಟರಿಗೆ ಎಂಟೂಮುಕ್ಕಾಲು ರೂಪಾಯಿ ಬಾಡಿಗೆನೇ ಆಯ್ತು, ಈಗಿನ ನಿಮ್ಮ ಪೆಟ್ರೋಲ್ ಖರ್ಚೇ ನಾಲ್ಕೂವರೆ ಸಾವಿರ ದಾಟಲ್ಲ." ಅವರು ಫೋನ್ ತೆಗೆದು ತಾವೇ ಎರಡು ಸಲ ಭಾಗಿಸಿ ನೋಡಿದ್ರು, ಆಮೇಲೆ ಸುಮಾರು ಹೊತ್ತು ಮಾತಾಡ್ಲಿಲ್ಲ.

ಕರೆಂಟಿನ ವಿಷಯಕ್ಕೆ ಬರ್ತೀನಿ, ಇದನ್ನ ನಾನು ಬಿಲ್ ಬಂದ್ಮೇಲೆ ಕಲಿತೆ. ನಮ್ಮ ಮನೆ ಬಳಕೆ ತಿಂಗಳಿಗೆ 120 ಯೂನಿಟ್ಟು, ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರ್ತಿತ್ತು. ಕಾರು ಬಂದ ತಿಂಗಳು ರಾತ್ರಿ ಹೊತ್ತು ಅದೇ ಮೀಟರಲ್ಲಿ ಚಾರ್ಜಿಗೆ ಹಾಕಿದೆ, 350 ಯೂನಿಟ್ ಕಾರೇ ಕುಡೀತು. 200 ದಾಟಿದ್ರೆ ಹೆಚ್ಚಿಗೆ ಬಳಸಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು, ಆವಾಗ ಯೂನಿಟ್ಟಿಗೆ 5.90 ಇತ್ತು, ತೆರಿಗೆ ಫಿಕ್ಸೆಡ್ ಚಾರ್ಜು ಎಲ್ಲ ಸೇರಿ ಮೂರು ಸಾವಿರ ದಾಟ್ತು. ಅಪ್ಪ ಆ ಚೀಟಿನ ಹಿಂದೆ ಮುಂದೆ ತಿರುಗಿಸಿ ನೋಡಿ "ಮೀಟರ್ ಕೆಟ್ಟಿದ್ಯೇನೋ" ಅಂದ್ರು. ಆಮೇಲೆ ಕಾರಿಗೆ ಅಂತಾನೇ ಬೇರೆ ಮೀಟರ್ ಹಾಕಿಸಿದ್ವಿ, ಮನೆ ಬಿಲ್ಲು ಮತ್ತೆ ಸೊನ್ನೆಗೆ ಬಂತು. ಇವಿ ತಗೊಳ್ಳೋರು ಕಾರಿಗಿಂತ ಮೊದಲು ಈ ಕೆಲಸ ಮಾಡ್ಕೊಳ್ಳಿ.

ಹೀಗೆ ಮನೇಲೇ ಚಾರ್ಜ್ ಮಾಡಿದ್ರೆ ಕಿಲೋಮೀಟರಿಗೆ ಒಂದು ರೂಪಾಯಿ ಬೀಳುತ್ತೆ. ಹಳೇ ಪೆಟ್ರೋಲ್ ಕಾರು ಲೀಟರಿಗೆ 14 ಕೊಡ್ತಿತ್ತು, 102 ರೂಪಾಯಿ ಪೆಟ್ರೋಲಿಗೆ ಏಳೂಕಾಲಿನ ಮೇಲೆ. ನನಗೆ ತಿಂಗಳಿಗೆ ಹನ್ನೆರಡು ಸಾವಿರ ಉಳೀತಿದೆ. ತೆರಿಗೆನೂ ಮರೀಬೇಡಿ, ನಾನು ತಗೊಂಡಾಗ ಕರ್ನಾಟಕದಲ್ಲಿ 25 ಲಕ್ಷದೊಳಗಿನ ಇವಿಗೆ ಲೈಫ್‌ಟೈಮ್ ಟ್ಯಾಕ್ಸ್ ಇರ್ಲಿಲ್ಲ, ಅದೇ ಹನ್ನೆರಡು ಲಕ್ಷದ ಪೆಟ್ರೋಲ್ ಕಾರಾಗಿದ್ರೆ 17 ಪರ್ಸೆಂಟು, ಅದರ ಮೇಲೆ ಸೆಸ್ಸು, ಎರಡೂಕಾಲು ಲಕ್ಷ ಆರ್‌ಟಿಒಗೇ ಹೋಗ್ತಿತ್ತು.

ಮನೇಲಿ ಪ್ಲಗ್ ಇಲ್ದೋರ ಕಥೆ ಬೇರೆ. ಹೊರಗಡೆ ಫಾಸ್ಟ್ ಚಾರ್ಜರಲ್ಲಿ ನಾನು ಹಾಕಿಸಿರೋ ಕಡೆಯೆಲ್ಲ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 20 ರೂಪಾಯಿ ಮೇಲೇ, ಅಂದ್ರೆ ಕಿಲೋಮೀಟರಿಗೆ ಮೂರೂಕಾಲು. ಅದರ ಮೇಲೆ ಮೂರೂವರೆ ಬಾಡಿಗೆ ಸೇರಿಸಿ, ಆರೂಮುಕ್ಕಾಲು ಆಯ್ತು, ಪೆಟ್ರೋಲಿಗೂ ಇದಕ್ಕೂ ಅರ್ಧ ರೂಪಾಯಿ ಅಂತರ. ಆ ಅರ್ಧ ರೂಪಾಯಿಗೋಸ್ಕರ ಕಾಯಬೇಕು ಬೇರೆ, ಹಾಸನಕ್ಕೆ ಹೋಗೋವಾಗ ಒಂದು ಕಡೆ ಎರಡು ಚಾರ್ಜಿಂಗ್ ಗನ್ನಲ್ಲಿ ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಬೇರೆ ಕಾರಿತ್ತು, ಒಂದು ಗಂಟೆ ಬಿಸಿಲಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಕಾದ್ವಿ.

ಹಾಗಂತ ಬಾಡಿಗೆ ಸ್ಕೀಮು ಯಾರಿಗೂ ಬೇಡ ಅಂತ ಹೇಳ್ತಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದು, ಮನೇಲಿ ಚಾರ್ಜ್ ಮಾಡೋ ಜಾಗ ಇದ್ದು, ತಿಂಗಳಿಗೆ ಸರಿಯಾಗಿ ಸಾವಿರದೈನೂರರ ಹತ್ರ ಓಡಿಸಿ ಮೂರ್ನಾಲ್ಕು ವರ್ಷಕ್ಕೆ ಕಾರು ಬದಲಾಯಿಸೋರಿಗೆ ಇದು ಸರಿಹೋಗುತ್ತೆ. ಮಾರೋವಾಗ ಬ್ಯಾಟರಿ ಕರಾರು ಯಾರ ತಲೆ ಮೇಲೆ ಬರುತ್ತೆ, ಅವಧಿ ಮುಗಿದ್ಮೇಲೆ ಬ್ಯಾಟರಿ ಯಾರದ್ದು, ಇವೆರಡನ್ನ ಫೈನಾನ್ಸ್‌ನೋರ ಹತ್ರ ಬರವಣಿಗೆಯಲ್ಲೇ ತಗೊಳ್ಳಿ.

ಭಾವ ಇನ್ನೂ ಬುಕ್ ಮಾಡಿಲ್ಲ. ಪಾರ್ಕಿಂಗಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸ್ಕೊಳ್ಳೋಕೆ ಬಿಡಿ ಅಂತ ಅಸೋಸಿಯೇಷನ್‌ಗೆ ಅರ್ಜಿ ಕೊಟ್ಟಿದಾರೆ, ಅದು ಒಪ್ಪಿಗೆ ಆದ್ರೆ ಬ್ಯಾಟರಿ ಸಮೇತ ಸೆಕೆಂಡ್ ಹ್ಯಾಂಡ್ ಇವಿ ನೋಡೋದು ಅಂತ ಇಬ್ರೂ ಮಾತಾಡ್ಕೊಂಡಿದೀವಿ.