ಎಎ ಸಭೆಗಳು: ಒಂದೇ ಸಭೆ ನೋಡಿ ತೀರ್ಮಾನಿಸಬೇಡಿ

1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ. ಇದರ ಸಭೆಗಳಿಗೆ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ಕಾಣಿಕೆ ಸಂಗ್ರಹ ಇರುತ್ತದೆ, ಹೊಸಬರು ಹಾಕಲೇಬೇಕೆಂದಿಲ್ಲ.

ಹುಡುಕಲು 'ಮೀಟಿಂಗ್ ಗೈಡ್' ಆ್ಯಪ್ ಅನುಕೂಲ. ಆದರೆ ಸ್ಥಳೀಯ ಗುಂಪು ಮಾಹಿತಿ ಬದಲಿಸದಿದ್ದರೆ ಹಳೆಯ ಸಮಯವೇ ಉಳಿದಿರುತ್ತದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತವರು ಮತ್ತೆ ಬರುವುದು ಕಷ್ಟ. ಹಾಗಾಗಿ ಸಹಾಯವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. 'ಓಪನ್' ಸಭೆಗೆ ಮನೆಯವರನ್ನೂ ಕರೆದೊಯ್ಯಬಹುದು. 'ಕ್ಲೋಸ್ಡ್' ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಸಂಘವಿದೆ.

ಸಭೆ ಸಾಮಾನ್ಯವಾಗಿ 60ರಿಂದ 90 ನಿಮಿಷ. ಹತ್ತು ನಿಮಿಷ ಮುಂಚೆ ಹೋಗಿ, ಹೊಸಬರೆಂದು ನಡೆಸುವವರಿಗೆ ಹೇಳಿ. ಮಾತಾಡಲು ಮನಸ್ಸಿಲ್ಲದಿದ್ದರೆ 'ಇವತ್ತು ಕೇಳ್ತೀನಿ' ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಒಬ್ಬರು ಮಾತಾಡುವಾಗ ನಡುವೆ ಉಪದೇಶ ಮಾಡದಿರುವುದು ಇಲ್ಲಿನ ರೂಢಿ. ನಮಗೆ ಅತ್ಯಂತ ಇಷ್ಟವಾಗುವುದು ಇದೇ.

ಕೊರತೆಯೂ ಇದೆ. ಗುಂಪಿನಿಂದ ಗುಂಪಿಗೆ ವಾತಾವರಣ ತುಂಬ ಬೇರೆ. ಎಎ ಹೇಳುವ ಚೇತರಿಕೆಯ ದಾರಿಯಾದ 12 ಹೆಜ್ಜೆಗಳಲ್ಲಿ ಬರುವ ದೇವರ ಮಾತು ಕೆಲವರಿಗೆ ಒಗ್ಗುವುದಿಲ್ಲ. ಅಂಥವರು ದೇವರ ಮಾತಿಲ್ಲದ ಸ್ಮಾರ್ಟ್ ರಿಕವರಿ ಎಂಬ ಬೇರೆ ನೆರವಿನ ಗುಂಪನ್ನು ನೋಡಬಹುದು. ಮೂರ್ನಾಲ್ಕು ಗುಂಪುಗಳನ್ನು ನೋಡಿ, ಒಂದನ್ನು ಆರಿಸಿ, ಅಲ್ಲಿಗೇ ಪ್ರತಿವಾರ ಹೋಗಿ. ಪರಿಚಯ ಬೆಳೆಯದೆ ಸ್ಪಾನ್ಸರ್, ಅಂದರೆ ಹೊಸಬರಿಗೆ ದಾರಿ ತೋರುವ ಹಳೆಯ ಸದಸ್ಯರು, ಸಿಗುವುದು ಕಷ್ಟ.

ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿ. ಆ ಚಿಕಿತ್ಸೆ ಸಭೆಯಲ್ಲಿ ಸಿಗುವುದಿಲ್ಲ.