ಫೋಮ್ ಪ್ಯಾಡ್, ವಾಬಲ್ ಬೋರ್ಡ್, ಬೋಸು: ನನ್ನ ಮಂಡಿ ಯಾವುದಕ್ಕೆ ಒಲಿಯಿತು?

ಎಡಮಂಡಿಯ ಎಸಿಎಲ್‌ಗೆ (ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾದ ಮೇಲೆ ಫಿಸಿಯೊ ನನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ಎಂದರು. ಬಲಗಾಲಲ್ಲಿ ಅರ್ಧ ನಿಮಿಷ ನಿಂತೆ. ಎಡಗಾಲಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಗೋಡೆ ಹಿಡಿದೆ. ನೋವಿರಲಿಲ್ಲ, ಊತವೂ ಇಳಿದಿತ್ತು. ಕಾಲು ಎಲ್ಲಿದೆ ಎಂಬುದು ಮಾತ್ರ ಕಾಲಿಗೇ ಗೊತ್ತಿರಲಿಲ್ಲ. ಕೀಲು ಎಷ್ಟು ಬಾಗಿದೆ, ಎತ್ತ ಎಳೆಯುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳು ಲಿಗಮೆಂಟಿನಲ್ಲೂ ಇರುತ್ತವೆ. ಅದು ಹರಿದಾಗ ಆ ಸುದ್ದಿಗೂ ಪೆಟ್ಟು ಬೀಳುತ್ತದೆ.

ಮೊದಲು ಸಿಕ್ಕಿದ್ದು ಫೋಮ್ ಪ್ಯಾಡ್. ಆರು ಸೆಂಟಿಮೀಟರ್ ದಪ್ಪದ ಮೆತ್ತನೆಯ ಹಾಸು, ನೋಡಿದರೆ ನಗು ಬರುತ್ತದೆ. ಕಣ್ಣು ತೆರೆದು ನಿಂತರೆ ವಾರದಲ್ಲೇ ಸಲೀಸು. ಕಣ್ಣು ಮುಚ್ಚಿದರೆ ಬೇರೆಯೇ ಕಥೆ: ಅಂಗಾಲಿಗೆ ನೆಲದ ಒತ್ತು ಸರಿಯಾಗಿ ತಿಳಿಯುವುದಿಲ್ಲ, ಕಣ್ಣಿನ ಆಸರೆಯೂ ಇಲ್ಲ, ಕೀಲುಗಳೇ ಎಚ್ಚರವಾಗಬೇಕು. ದಿನವೂ ಹಲ್ಲುಜ್ಜುವಾಗ ಅದರ ಮೇಲೆ ನಿಲ್ಲುತ್ತಿದ್ದೆ. ತಪ್ಪಿಸಿಕೊಳ್ಳಲು ನೆಪವೇ ಸಿಗಲಿಲ್ಲ.

ಅಡಿಯಲ್ಲಿ ಅರ್ಧಗೋಳವಿದ್ದು ಎತ್ತ ಬೇಕಾದರೂ ವಾಲುವ ಹಲಗೆ, ಅಂದರೆ ವಾಬಲ್ ಬೋರ್ಡಿನ ಮೇಲೆ ನನಗೆ ಭಾರೀ ನಿರೀಕ್ಷೆಯಿತ್ತು. ಅದಕ್ಕೆ ಕಾರಣ, 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ. 600 ಫುಟ್‌ಬಾಲ್ ಆಟಗಾರರಲ್ಲಿ ಅರ್ಧದಷ್ಟು ಮಂದಿಗೆ ಹಲಗೆಗಳ ಮೇಲೆ ದಿನಕ್ಕೆ 20 ನಿಮಿಷ ಸಮತೋಲನದ ತರಬೇತಿ ಕೊಟ್ಟಿದ್ದರು. ಅವರಲ್ಲಿ ಎಸಿಎಲ್ ಗಾಯಗಳು ತೀರಾ ಕಡಿಮೆಯಾಗಿದ್ದವು. 2000ದಲ್ಲಿ ಸ್ವೀಡನ್ನಿನ ಆಟಗಾರ್ತಿಯರ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನು ಆಮೇಲೆ ಓದಿದೆ. ಎರಡೂ ಗಾಯ ತಡೆಯುವ ಪ್ರಯೋಗಗಳು, ನನ್ನಂಥ ಹೊಲಿದ ಮಂಡಿಯ ಲೆಕ್ಕ ಅಲ್ಲಿರಲೇ ಇಲ್ಲ. ಹಲಗೆ ಹತ್ತಿದರೆ ಕಾಲ್ಬೆರಳುಗಳು ಅದನ್ನು ಕಚ್ಚಿ ಹಿಡಿಯುತ್ತಿದ್ದವು, ಮೀನಖಂಡ ಉರಿಯುತ್ತಿತ್ತು, ಮಂಡಿ ಮಾತ್ರ ಕಂಬದಂತೆ ಸೆಟೆದು ಸುಮ್ಮನಿರುತ್ತಿತ್ತು. ಹೊರಳಾಟವೆಲ್ಲ ಕಣಕಾಲಿನದು! "ಮಂಡಿಗೆ ಬೀಗ ಹಾಕಿಕೊಂಡು ನಿಂತಿದ್ದೀರಿ, ಸ್ವಲ್ಪ ಬಗ್ಗಿಸಿ" ಎಂದರು ಫಿಸಿಯೊ. ಬಗ್ಗಿಸಿದ ಮೇಲೆ ತೊಡೆಗೆ ಕೆಲಸ ಬಂತು. ಆದರೆ ಒಂದು ಸಂಜೆ ಮನೆಯಲ್ಲಿ ಹಲಗೆಯ ಅಂಚು ನೆಲಕ್ಕೆ ಬಡಿದು, ಮಂಡಿ ಒಳಮುಖವಾಗಿ ವಾಲಿ, ಎರಡು ದಿನ ಊದಿಕೊಂಡಿತು. ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ ಅದನ್ನು ಹತ್ತಬಾರದು.

ಬೋಸು ಬಾಲ್, ಅಂದರೆ ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿ ಗಾಳಿ ತುಂಬಿ ಉಬ್ಬಿದ ಅರ್ಧಚೆಂಡು, ಫೋಟೋಗೆ ಚೆನ್ನ. ಅದರ ಮೇಲೆ ಡಂಬೆಲ್ ಹಿಡಿದು ಸ್ಕ್ವಾಟ್ ಮಾಡುವುದನ್ನು ಕಂಡು ನಾನೂ ಮರುಳಾಗಿ ಮೂರು ವಾರ ಕಳೆದೆ. ನೆಲದ ಮೇಲೆ ಎತ್ತುತ್ತಿದ್ದ ಭಾರದ ಅರ್ಧವನ್ನೂ ಅಲ್ಲಿ ಎತ್ತಲಾಗಲಿಲ್ಲ. ಅಲುಗಾಡುವ ನೆಲದಲ್ಲಿ ಸ್ನಾಯುವಿನ ಬಲ ಹೊಮ್ಮುವುದೇ ಕಡಿಮೆ. ದೇಹ ಬೀಳದಿರುವುದರಲ್ಲೇ ಮುಳುಗಿರುತ್ತದೆ. ನನ್ನ ಎಡತೊಡೆಯೋ ಟೇಪಿನ ಲೆಕ್ಕದಲ್ಲಿ ಬಲತೊಡೆಗಿಂತ ಎರಡು ಸೆಂಟಿಮೀಟರ್ ಸೊರಗಿತ್ತು. ಅದಕ್ಕೆ ಬೇಕಾಗಿದ್ದದ್ದು ಗಟ್ಟಿ ನೆಲ, ಒಳ್ಳೆಯ ಭಾರ. ಸ್ಕ್ವಾಟನ್ನು ನೆಲಕ್ಕೆ ಮರಳಿಸಿದೆ. ಉಬ್ಬಿದ ಬದಿಯ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ಇಳಿಯುವ ಅಭ್ಯಾಸಕ್ಕೆ ಬೋಸು ಪರವಾಗಿಲ್ಲ, ಅಷ್ಟೇ.

ನಿಜವಾದ ಪಾಠ ನಡೆದದ್ದು ಚಕ್ರದ ಹಲಗೆಯ ಮೇಲೆ, ಐದನೆಯ ತಿಂಗಳಲ್ಲಿ. ನಾನು ಮಂಡಿ ಬಗ್ಗಿಸಿ ನಿಲ್ಲಬೇಕು. ಫಿಸಿಯೊ ಹೇಳದೆ ಕೇಳದೆ ಹಲಗೆಯನ್ನು ಅತ್ತಿತ್ತ ತಳ್ಳುತ್ತಾರೆ. ಮೊದಲ ದಿನ ಮೈಯೆಲ್ಲ ಬಿಗಿಹಿಡಿದು ನಿಂತೆ. ಅದು ತಪ್ಪಂತೆ: ತಳ್ಳಿದಷ್ಟಕ್ಕೆ, ತಳ್ಳಿದ ಕಡೆಗೆ ಮಾತ್ರ ಎದುರು ಕೊಡಬೇಕು. ಆರನೆಯ ಸಲಕ್ಕೆ ತೊಡೆಯ ಹಿಂಬದಿ ನಾನು ಯೋಚಿಸುವ ಮೊದಲೇ ಬಿಗಿದು ಸಡಿಲವಾಗುವುದು ಗೊತ್ತಾಯಿತು. ವಾಬಲ್ ಬೋರ್ಡ್ ಅಲುಗುವುದು ನಾನು ಅಲುಗಿದರೆ. ಇದು ಬೇರೆಯವರ ಮರ್ಜಿಯಂತೆ ಅಲುಗುತ್ತದೆ. ಬ್ಯಾಡ್ಮಿಂಟನ್ ಅಂಗಳದಲ್ಲಿ ನನ್ನ ಮಂಡಿ ಹೋದದ್ದೂ ಎದುರಾಳಿಯ ಮರ್ಜಿಯಂತೆ ಓಡಿ ಗಕ್ಕನೆ ತಿರುಗಿದಾಗಲೇ. ಒಂದೇ ತೊಡಕೆಂದರೆ ತಳ್ಳಲು ತಿಳಿದವರೊಬ್ಬರು ಜೊತೆಗಿರಬೇಕು. ಮಂಡಿಯ ಮೆನಿಸ್ಕಸನ್ನೂ (ಎಲುಬುಗಳ ನಡುವಿನ ಮೆತ್ತೆ) ಹೊಲಿಸಿಕೊಂಡವರು ಶಸ್ತ್ರವೈದ್ಯರು ಒಪ್ಪುವ ತನಕ ಇದರ ಹತ್ತಿರ ಸುಳಿಯಬಾರದು.

ಒಂಟಿಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ಮುಂದೆ ಚಾಚುವ ಪರೀಕ್ಷೆಯಲ್ಲಿ ಎರಡು ಕಾಲುಗಳ ಚಾಚಿನ ನಡುವಿನ ವ್ಯತ್ಯಾಸ ಏಳು ಸೆಂಟಿಮೀಟರಿನಿಂದ ಎರಡಕ್ಕೆ ಇಳಿದದ್ದು ಒಂಬತ್ತನೆಯ ತಿಂಗಳಲ್ಲಿ. ವಾಬಲ್ ಬೋರ್ಡ್ ಈಗ ಮಂಚದ ಕೆಳಗೆ ಧೂಳು ತಿನ್ನುತ್ತಿದೆ. ಪ್ಯಾಡ್ ಮಾತ್ರ ವಾಶ್‌ಬೇಸಿನ್ನಿನ ಮುಂದೆಯೇ ಇದೆ, ನಡುವೆ ನನ್ನ ಎಡ ಹಿಮ್ಮಡಿಯ ಗುಳಿ ಹೊತ್ತುಕೊಂಡು.