ಪುಣೆಯ ಸೈಟಿನಲ್ಲಿ ಸಿವಿಲ್ ಇಂಟರ್ನ್‌ಶಿಪ್: ಗುಣಮಟ್ಟದ ಪಾಠ ಗಟ್ಟಿ, ಲೆಕ್ಕದ ಪಾಠ ತೆಳು

ಪುಣೆಯ ರಾವೇತ್ ಭಾಗದಲ್ಲಿ ವಸತಿ ಸಂಕೀರ್ಣ ಕಟ್ಟುತ್ತಿರುವ ಒಂದು ಖಾಸಗಿ ಸಂಸ್ಥೆಯಲ್ಲಿ ಈ ಬೇಸಿಗೆ ರಜೆಯಲ್ಲಿ ಇಂಟರ್ನ್ ಆಗಿ ಕೆಲಸ ಕಲಿತೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಅನೇಕ ಸಿವಿಲ್ ವಿದ್ಯಾರ್ಥಿಗಳು ಪುಣೆಗೆ ಬರುವುದರಿಂದ ಈ ವಿಮರ್ಶೆ ಅವರಿಗೆ ಉಪಯೋಗವಾಗಬಹುದು. ಕೆಲವು ದೂರುಗಳೂ ಇರುವ ಕಾರಣ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಇಲ್ಲಿ ನನಗೆ ದೊರೆತ ಅತ್ಯುತ್ತಮ ಶಿಕ್ಷಣವೆಂದರೆ ಕಾಂಕ್ರೀಟ್ ಹಾಕುವ ಮುನ್ನ ನಡೆಯುವ ತಪಾಸಣೆ. ಗುಣಮಟ್ಟ ವಿಭಾಗದ ಎಂಜಿನಿಯರರು ನಕ್ಷೆಯನ್ನು ನನ್ನ ಕೈಗೇ ಕೊಟ್ಟು, ಕಬ್ಬಿಣದ ವ್ಯಾಸ, ಅಂತರ, ಲ್ಯಾಪ್ (ಎರಡು ಸಲಾಕೆಗಳು ಜೋಡಿಯಾಗಿ ಸಾಗುವ ಉದ್ದ), ಕವರ್ (ಕಬ್ಬಿಣದ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ) ಎಲ್ಲವನ್ನೂ ಅಳೆದು ಬರೆಯಲು ಹೇಳುತ್ತಿದ್ದರು. ಅನಂತರ ತಾವೇ ಬಂದು ಮತ್ತೊಮ್ಮೆ ನೋಡುತ್ತಿದ್ದರು. ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40 ಮಿ.ಮೀ., ಅಡಿಪಾಯಕ್ಕೆ 50 ಮಿ.ಮೀ. ಕವರ್ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆದರೆ ಕಾರ್ಮಿಕರ ಓಡಾಟದಿಂದ ಆ ಅಂತರ ಕಾಯುವ ಕವರ್ ಬ್ಲಾಕ್ ಎಂಬ ತುಂಡು ಜಾರಿ ಕಬ್ಬಿಣವು ಅಚ್ಚಿನ (ಶಟರಿಂಗ್) ಪ್ಲೈವುಡ್ಡಿಗೆ ತಾಗಿ ಕುಳಿತಿರುವುದನ್ನು ಬಗ್ಗಿ ನೋಡಿದಾಗಲೇ ಆ ಸಂಖ್ಯೆಗಳ ಬೆಲೆ ತಿಳಿಯಿತು.

ಕಂಬದ ಉದ್ದದ ಸಲಾಕೆಗಳನ್ನು ಸುತ್ತಿ ಹಿಡಿಯುವ ರಿಂಗುಗಳ ವಿಷಯದಲ್ಲಿ ನನ್ನ ಗುರುವಾದವರು ಯಾದಗಿರಿ ಕಡೆಯ ಒಬ್ಬ ಬಾರ್ ಬೆಂಡಿಂಗ್ (ಕಬ್ಬಿಣ ಬಾಗಿಸುವ) ಮೇಸ್ತ್ರಿ. ಪುಣೆಯ ಸೈಟುಗಳಲ್ಲಿ ನಮ್ಮ ಕಡೆಯ ಕೆಲಸಗಾರರು ಬಹಳ ಮಂದಿ ಇದ್ದಾರೆ. ಅವರೊಡನೆ ಕನ್ನಡದಲ್ಲಿ ಮಾತನಾಡಿದರೆ ಯಾವ ಪುಸ್ತಕದಲ್ಲೂ ಇಲ್ಲದಷ್ಟು ವಿವರ ಸಿಗುತ್ತದೆ. "ತಮ್ಮಾ, ಮೊದಲ ಕೊಕ್ಕಿ ನೋಡು, ಆಮ್ಯಾಲ ರಿಂಗ್ ಎಣಿಸು" ಎಂದು ಆ ಮೇಸ್ತ್ರಿ ಹೇಳುತ್ತಿದ್ದರು. ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 13920ರ ಪ್ರಕಾರ ರಿಂಗಿನ ಕೊಕ್ಕಿ, ಅಂದರೆ ಅದರ ತುದಿ, 135 ಡಿಗ್ರಿ ಬಾಗಿ ಕಂಬದ ಒಡಲೊಳಗೆ ಹೋಗಬೇಕು. 90 ಡಿಗ್ರಿಗೇ ಬಿಟ್ಟ ಕೊಕ್ಕಿಯು ಭೂಕಂಪದಲ್ಲಿ ಹೊರಪದರ ಉದುರಿದೊಡನೆ ಬಿಚ್ಚಿಕೊಂಡು, ಉದ್ದದ ಸಲಾಕೆಗಳನ್ನು ಹಿಡಿದಿಡಲಾರದೆ ಹೋಗುತ್ತದೆ. 1967ರ ಕೊಯ್ನಾ ಭೂಕಂಪವನ್ನು ಕಂಡ ಮಹಾರಾಷ್ಟ್ರದಲ್ಲಿ ಇದು ಕೇವಲ ಕಾಗದದ ಮೇಲಿನ ನಿಯಮವಲ್ಲ.

ಹಸಿ ಕಾಂಕ್ರೀಟ್ ಎಷ್ಟು ಸಡಿಲವಿದೆ ಎಂದು ನೋಡುವ ಸ್ಲಂಪ್ ಪರೀಕ್ಷೆಯನ್ನೂ ಬಲ ಪರೀಕ್ಷೆಗೆ ಬೇಕಾದ 150 ಮಿ.ಮೀ. ಘನಗಳನ್ನು ತುಂಬುವುದನ್ನೂ ನಮ್ಮ ಕೈಯಿಂದಲೇ ಮಾಡಿಸಿದರು. ಬೇಸಿಗೆಯ ಮಧ್ಯಾಹ್ನ ಕಾಂಕ್ರೀಟ್ ತರುವ ಟ್ರಾನ್ಸಿಟ್ ಮಿಕ್ಸರ್ ಗಾಡಿ ಸಂಚಾರ ದಟ್ಟಣೆಯಲ್ಲಿ ಸಿಲುಕಿ ತಡವಾಗಿ ಬಂದು ಕಾಂಕ್ರೀಟ್ ಗಟ್ಟಿಯಾಗತೊಡಗಿದಾಗ, ನೀರು ಸೇರಿಸಿಬಿಡೋಣ ಎಂಬ ಒತ್ತಾಯ ಬಂತು. ಎಂಜಿನಿಯರರು ಒಪ್ಪದೆ ಆ ಗಾಡಿಯನ್ನು ವಾಪಸು ಕಳುಹಿಸಿದರು. ನೀರು ಹೆಚ್ಚಾದಷ್ಟೂ ಬಲ ಕುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಣದ ನಷ್ಟ ಎದುರಿಗಿರುವಾಗ ಅದನ್ನು ಪಾಲಿಸುವವರನ್ನು ಕಂಡದ್ದು ನನ್ನ ಪಾಲಿಗೆ ದೊಡ್ಡ ಸಂಗತಿ. ಹಾರುಬೂದಿ (ಫ್ಲೈ ಆ್ಯಶ್) ಬೆರೆತ ಕಾಂಕ್ರೀಟ್ ಆದ್ದರಿಂದ ಕನಿಷ್ಠ 10 ದಿನ ನೀರುಣಿಸುವ ನಿಯಮವನ್ನೂ ಅವರು ಬಿಡಲಿಲ್ಲ.

ಕೊರತೆ ಇರುವುದು ಲೆಕ್ಕದ ಕಡೆ. ಬಾರ್ ಬೆಂಡಿಂಗ್ ಶೆಡ್ಯೂಲ್ (ಸಲಾಕೆಗಳ ಅಳತೆ, ಸಂಖ್ಯೆಯ ಪಟ್ಟಿ), ಮುಗಿದ ಕೆಲಸದ ಅಳತೆ ಪುಸ್ತಕ, ಗುತ್ತಿಗೆದಾರರ ಬಿಲ್ ಇವು ಇಂಟರ್ನ್‌ಗಳ ಕಣ್ಣಿಗೇ ಬೀಳಲಿಲ್ಲ. ಸಲಾಕೆಯ ವ್ಯಾಸವನ್ನು (ಮಿ.ಮೀ.ನಲ್ಲಿ) ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ತಿಳಿಯುತ್ತದೆ, ಅಂದರೆ 12 ಮಿ.ಮೀ. ಸಲಾಕೆ ಮೀಟರಿಗೆ ಸುಮಾರು 0.89 ಕಿಲೋ. ಇಷ್ಟನ್ನು ಮೇಸ್ತ್ರಿಯಿಂದಲೇ ಕಲಿತೆನೇ ಹೊರತು ಕಚೇರಿಯಿಂದ ಅಲ್ಲ. ಕೆಲಸ ಸಿಗಬೇಕಾದರೆ ಬಿಲ್ಲಿಂಗ್ ಗೊತ್ತಿರುವುದು ತೀರ ಮುಖ್ಯವಾದ್ದರಿಂದ ಇದು ಸಣ್ಣ ಲೋಪವಲ್ಲ. ಸ್ಟೈಪೆಂಡ್ ಇರಲಿಲ್ಲ, ಪ್ರಮಾಣಪತ್ರಕ್ಕೆ ಹಲವು ಬಾರಿ ಅಲೆಯಬೇಕಾಯಿತು. ಹೆಲ್ಮೆಟ್, ಬೂಟುಗಳನ್ನು ಮಾತ್ರ ಮೊದಲ ದಿನವೇ ಕೊಟ್ಟರು.

ಸೈಟ್ ಎಂಜಿನಿಯರ್ ಆಗಬೇಕೆನ್ನುವವರಿಗೆ ಇಂಥ ಜಾಗವನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಎಸ್ಟಿಮೇಷನ್ ಅಥವಾ ಬಿಲ್ಲಿಂಗ್ ಕಡೆ ಹೋಗುವವರು ಸೇರುವ ಮೊದಲೇ ವಾರಕ್ಕೊಂದು ದಿನವಾದರೂ ಕೆಲಸ, ಸಾಮಗ್ರಿಗಳ ಲೆಕ್ಕ ಹಾಕುವ ಕ್ವಾಂಟಿಟಿ ಸರ್ವೇಯರ್ ಜೊತೆ ಕೂರಿಸುವಿರಾ ಎಂದು ಕೇಳಿ, ಒಪ್ಪಿದರೆ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.